ವಿಭೂತಿ ಹಚ್ಚಿದ ಗಿಟಾರ್

ತಮ್ಮ ತೀರಿಕೊಂಡ ಮೇಲೆ ಅವನ ಗಿಟಾರನ್ನು ಅವ್ವ ದೇವರ ಜಗುಲಿಯ ಪಕ್ಕ ನಿಲ್ಲಿಸಿದಳು. ಸೋಮವಾರ ಪೂಜೆ ಮುಗಿದ ಮೇಲೆ ಅದಕ್ಕೂ ನೀರು ಚಿಮುಕಿಸಿ, ತಂತಿಗಳ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆದು, ಒಂದು ಹೂವು ಸಿಕ್ಕಿಸುವಳು. ನಮ್ಮ ಮನೆಯಲ್ಲಿ ಕುಡುಗೋಲಿಗೂ ಹೊಲಿಗೆ ಮಷಿನ್ನಿಗೂ ವಿಭೂತಿ ಹಚ್ಚುತ್ತೇವೆ. ಗಿಟಾರಿಗೆ ಹಚ್ಚಿದರೆ ಏನಾದೀತು ಎಂದು ನಾನೂ ಯೋಚಿಸಲಿಲ್ಲ.

ಮಸ್ಕಿಯಲ್ಲಿ ನಾನು ಬ್ಲೌಸ್ ಹೊಲಿಯುತ್ತೇನೆ. ತಮ್ಮ ನನ್ನ ಮಷಿನ್ ಪಕ್ಕದಲ್ಲೇ ಕೂತು ಬಾರಿಸುತ್ತಿದ್ದ. ಅವನು ಹೋದ ಮೇಲೆ ಮನೆಯಲ್ಲಿ ಮಷಿನ್ನಿನ ಸದ್ದೊಂದೇ ಉಳಿಯಿತು. ಆ ಇನ್ನೊಂದು ಸದ್ದು ಅವ್ವನ ಕಿವಿಗೆ ಮತ್ತೊಮ್ಮೆ ಬೀಳಬೇಕು ಅನ್ನಿಸಿತು. ಒಂದು ಭಾನುವಾರ ಗಿಟಾರನ್ನು ಹೆಗಲಿಗೆ ಹಾಕಿಕೊಂಡು ಸಿಂಧನೂರಿನ ಬಸ್ ಹತ್ತಿಯೇಬಿಟ್ಟೆ.

ಅಲ್ಲಿ ಗಿಟಾರ್ ಕಲಿಸುವ ಮಾಸ್ತರು ಚೀಲ ಬಿಚ್ಚಿದಾಗ ಬಿಳಿ ಧೂಳು ಎದ್ದಿತು.

"ಏನ್ರೀ ಅಕ್ಕಾರ, ಗಿಟಾರಿಗೆ ದೀಕ್ಷಾ ಕೊಟ್ಟೀರೇನು?" ಎಂದು ನಕ್ಕರು. ತಂತಿ ಮೀಟಿ ನೋಡಿದರು. ಹಸಿ ಕಟ್ಟಿಗೆ ಬಡಿದಂತಹ ಸದ್ದು. "ಎಲ್ಲಾ ತುಕ್ಕು ಹಿಡದಾವ್ರಿ. ಬದಲಿ ಮಾಡಬೇಕು."

"ನಮ್ಮವ್ವನ್ನ ಕೇಳಬೇಕ್ರಿ" ಎಂದೆ.

ಮಾಸ್ತರು ತಮ್ಮದೇ ಇನ್ನೊಂದು ಗಿಟಾರನ್ನು ನನ್ನ ಮಡಿಲಿಗಿಟ್ಟರು. ಮೊದಲು ಇ ಮೈನರ್ ಎಂಬ ಕಾರ್ಡ್, ಹಲವು ಸ್ವರ ಒಟ್ಟಿಗೆ ನುಡಿಸುವ ಹಿಡಿತ. ಎರಡೇ ಬೆರಳು, ಅಕ್ಕಪಕ್ಕದ ಎರಡು ತಂತಿ. ಬೆರಳ ತುದಿಯಿಂದ ಒತ್ತಿ ಹಿಡಿದು, ಬಲಗೈಯನ್ನು ಎಲ್ಲ ತಂತಿಗಳ ಮೇಲೆ ಕೆಳಗೆಳೆದೆ. ಸದ್ದು ಕೋಣೆ ತುಂಬ ಹರಡಿತು! ನನ್ನ ಕೈಯಿಂದಲೇ ಬಂದದ್ದೇ ಎಂದು ನಂಬದೆ ಮತ್ತೊಮ್ಮೆ ಎಳೆದೆ. ಎದೆಗೆ ಆನಿಸಿದ ಮರ ನಡುಗಿತು, ಅದರೊಡನೆ ನಾನೂ.

ತಾಳಕ್ಕೆ ಹಾಗೆ ಎಳೆಯುತ್ತಾ ಸ್ಟ್ರಮ್ ಮಾಡುವಾಗ ಮಾತ್ರ ಪ್ರತಿ ಸಲ ಕೈ ನಿಂತುಬಿಡುತ್ತಿತ್ತು.

"ನಿಲ್ಲಸಬ್ಯಾಡ್ರಿ ಅಕ್ಕಾರ. ತಂತಿ ಮುಟ್ಟಲಿ, ಬಿಡಲಿ, ಕೈ ಮ್ಯಾಲ ಕೆಳಗ ಆಡ್ತಾನ ಇರಬೇಕು."

"ಮಷಿನ್ ತುಳದಂಗೇನ್ರಿ?"

"ಹಾಂ! ತುಳೀರಿ ನೋಡೂಣು!"

ಪೆಡಲ್ ತುಳಿಯುವ ಲಯದಲ್ಲಿ ಕಾಲು ಆಡಿಸಿದೆ. ಕೈ ತಾನಾಗಿ ಅದರ ಹಿಂದೆ ಹೊರಟಿತು. ಕೆಳಗೆ, ಕೆಳಗೆ, ಮೇಲೆ. ಖುಷಿಗೆ ಜೋರಾಗಿ ನಕ್ಕುಬಿಟ್ಟೆ. ನಕ್ಕು ಎಷ್ಟು ಕಾಲವಾಗಿತ್ತೋ.

ವಾಪಸು ಬರುವ ಬಸ್ಸಿನಲ್ಲಿ ಮುಂದಿನ ಸೀಟಿನ ಕಂಬಿ ಹಿಡಿದು ಬೆರಳು ಒತ್ತುತ್ತಲೇ ಇದ್ದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು, "ಯಾಕವ್ವ, ಕೈ ಜೋಮು ಹಿಡದೈತೇನು?" ಎಂದಳು. "ಇಲ್ಲಬೇ ಅಕ್ಕ, ಗಿಟಾರ್ ಕಲಿಯಾಕತ್ತೀನಿ" ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಈ ವಯಸ್ಸಿನಾಗೇನ್?" ಎಂದು ಬಾಯಿಗೆ ಸೆರಗು ಹಿಡಿದಳು.

ಮನೆಯಲ್ಲಿ ತಂತಿಯ ಮಾತು ಎತ್ತುತ್ತಲೇ ಅವ್ವ ಕೆರಳಿದಳು.

"ಅವನ ಕೈ ಆಡಿದ ತಂತಿ ಅವು. ಕಿತ್ತ ಒಗಿತೀ ಏನ್?"

ನಾನು ಅದೇ ತಂತಿಗಳ ಮೇಲೆ ಕಲಿತಷ್ಟನ್ನು ಬಾರಿಸಿದೆ. ಬೆರಳಿಗೆ ತುಕ್ಕು ಅಂಟಿತು. ಅವ್ವ ಅಕ್ಕಿ ಆರಿಸುವುದನ್ನು ಬಿಟ್ಟು ಕೇಳಿದಳು.

"ಅವ ಬಾರಿಸಿದಾಗ ಹಿಂಗ ಕೇಳ್ತಿದ್ದಿಲ್ಲ" ಎಂದಳು.

"ನಾವು ಹಾಕಿದ ನೀರು, ವಿಭೂತಿ ಎಲ್ಲಾ ಕೂಡಿ ಹಿಂಗಾಗೈತವ್ವ."

ಅವಳು ಮತ್ತೆ ಅಕ್ಕಿಯಲ್ಲಿ ಕಲ್ಲು ಹುಡುಕತೊಡಗಿದಳು. ಹಿಡಿ ಅಕ್ಕಿಯನ್ನು ಮೊರಕ್ಕೆ ಸುರಿದು, "ಹಳೇವನ್ನ ಅಲ್ಲೇ ಒಗದ ಬರಬ್ಯಾಡ. ಮನಿಗೆ ತಾ" ಎಂದಳು.

ಮರು ಭಾನುವಾರ ಮಾಸ್ತರು ಹೊಸ ತಂತಿ ಹಾಕಿ, ಹಳೆಯವನ್ನು ಬಳೆಯಂತೆ ಸುತ್ತಿ ಕೊಟ್ಟರು. ಜಿ, ಸಿ ಕಾರ್ಡುಗಳನ್ನೂ ಹೇಳಿಕೊಟ್ಟರು. ಎಡಗೈ ಬೆರಳ ತುದಿಗಳು ಉರಿಯುತ್ತಿದ್ದರೂ ಮನೆ ಮುಟ್ಟುವ ಆತುರದಲ್ಲಿ ಬಸ್ಸು ನಿಲ್ಲುವ ಮೊದಲೇ ಎದ್ದು ನಿಂತಿದ್ದೆ.

ಮರುದಿನವೇ ಸೋಮವಾರ. ವಿಭೂತಿ ಮೆತ್ತಿದ ಬೆರಳೊಡನೆ ಅವ್ವ ಗಿಟಾರಿನ ಮುಂದೆ ಬಂದು ನಿಂತಳು. ಹೊಸ ತಂತಿಗೂ ಹಚ್ಚಿಬಿಡುವಳೇನೋ ಎಂದುಕೊಂಡೆ. ಅವಳು ಬಾಗಿ, ಜಗುಲಿಯ ಮೇಲಿಟ್ಟಿದ್ದ ಹಳೆಯ ತಂತಿಯ ಸುರುಳಿಗೆ ವಿಭೂತಿ ಹಚ್ಚಿದಳು. ಬೆರಳಲ್ಲಿ ಉಳಿದದ್ದನ್ನು ನನ್ನ ಹಣೆಗೆ ಎಳೆದಳು.

"ಪೂಜಿ ಇದಕ್ಕ ಆತು. ಅದನ್ನ ನೀ ಬಾರಿಸು."

ಬಾರಿಸಿದೆ. ಜಿ ಕಾರ್ಡಿನಿಂದ ಸಿ ಕಾರ್ಡಿಗೆ ಹೋಗುವಾಗ ಉಂಗುರ ಬೆರಳು ತಡವಾಗಿ ಬಂದಿತು. ಬಲಗೈ ಮಾತ್ರ ನಿಲ್ಲಲಿಲ್ಲ.

"ಮುಂದಿಂದು ಬರತೈತೇನು?" ಎಂದಳು ಅವ್ವ.

"ಸದ್ಯಕ್ಕ ಇಷ್ಟವ್ವ."

"ಮತ್ತ ಅಷ್ಟನ್ನ ಬಾರಿಸು" ಎಂದು ಗೋಡೆಗೆ ಒರಗಿ ಕಾಲು ಚಾಚಿದಳು.