ಹುನಗುಂದದ ಲಾಗಿನ್

ಆಗ ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಈಗ ಇಲ್ಲವೆಂದಲ್ಲ, ಬಂದರೆ ಎದ್ದು ಹೋಗಿ ಒಂದು ಲೋಟ ನೀರು ಕುಡಿಯುವಷ್ಟು ಬುದ್ಧಿ ಬಂದಿದೆ. ಎರಡು ಸಾವಿರದ ಐದರ ಆಸುಪಾಸಿನಲ್ಲಿ ನಾನು ಬಾಗಲಕೋಟೆಯ ವಿದ್ಯಾಗಿರಿಯ ಒಂದು ಕಾಲೇಜಿನಲ್ಲಿ ಸರ್ವರ್ ನೋಡಿಕೊಳ್ಳುತ್ತಿದ್ದೆ. ಅದೇ ಸಂಸ್ಥೆಯ ಕಾಲೇಜುಗಳು ಬಾದಾಮಿ, ಹುನಗುಂದ, ಇಳಕಲ್ಲಿನಲ್ಲೂ ಇದ್ದವು. ಪರೀಕ್ಷೆಗೆ ಕೂರುವವರ ಹೆಸರುಗಳನ್ನು ಆಯಾ ಕಾಲೇಜಿನವರು ತಮ್ಮ ಊರಿನಿಂದಲೇ ಲಾಗಿನ್ ಆಗಿ ತುಂಬಬೇಕು, ನಾನು ಒಟ್ಟುಗೂಡಿಸಿ ವಿಶ್ವವಿದ್ಯಾಲಯಕ್ಕೆ ಕಳಿಸಬೇಕು. ಕೊನೆಯ ದಿನ ಸಂಜೆ ಐದಕ್ಕೆ ಪಟ್ಟಿ ಮುಚ್ಚುತ್ತಿತ್ತು. ಅದರಲ್ಲಿ ಹೆಸರಿಲ್ಲದವರಿಗೆ ಹಾಲ್ ಟಿಕೆಟ್ ಇಲ್ಲ.

ಆ ಕೊನೆಯ ದಿನ ಬೆಳಿಗ್ಗೆ ಹತ್ತಕ್ಕೆ ಹುನಗುಂದದಿಂದ ಫೋನ್ ಬಂತು. ಮಾತಾಡಿದವರು ಅಲ್ಲಿಯ ಕಂಪ್ಯೂಟರ್ ಆಪರೇಟರ್. ಇಳಕಲ್ಲಿನ ನೇಕಾರರ ಮನೆಯ ಸೊಸೆ, ನನಗಿಂತ ನಾಲ್ಕೈದು ವರ್ಷ ದೊಡ್ಡವರು, ದಿನಾ ಬಸ್ಸಿನಲ್ಲಿ ಹುನಗುಂದಕ್ಕೆ ಬಂದು ಹೋಗುತ್ತಿದ್ದರು. ನೌಕರಿ ಕಾಯಂ ಆಗಿರಲಿಲ್ಲ. ವರ್ಷಕ್ಕೊಮ್ಮೆ ಪ್ರಾಚಾರ್ಯರು ‘ಮುಂದುವರಿಸಬಹುದು’ ಎಂದು ಬರೆದರೆ ಉಳಿಯುತ್ತಿತ್ತು, ಇಲ್ಲದಿದ್ದರೆ ಇಲ್ಲ. ಪಾಸ್‌ವರ್ಡ್ ಹೊಡೆದು ಒತ್ತಿದರೆ ತಿರುಗಿ ಅದೇ ಲಾಗಿನ್ ಪುಟ ಬರುತ್ತಿದೆ ಎಂದರು. ಪಾಸ್‌ವರ್ಡ್ ತಪ್ಪಿದಾಗ ಬರುವ ಕೆಂಪಕ್ಷರದ ಸಾಲೂ ಬರುತ್ತಿಲ್ಲ ಎಂದರು. ಉತ್ತರವೆಲ್ಲ ಆ ಎರಡನೆಯ ಮಾತಿನಲ್ಲೇ ಇತ್ತು. ನಾನು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಯಾಕೆಂದರೆ ನನ್ನ ಕಂಪ್ಯೂಟರಿನಿಂದ ಲಾಗಿನ್ ಆಗುತ್ತಿತ್ತು. ಬಾದಾಮಿಗೆ ಫೋನ್ ಮಾಡಿದೆ, ಅಲ್ಲಿ ಆಗುತ್ತಿತ್ತು. ಇಳಕಲ್ಲಿಗೆ ಮಾಡಿದೆ, ಅಲ್ಲೂ ಆಗುತ್ತಿತ್ತು. ನಾಲ್ಕರಲ್ಲಿ ಮೂರು ಕಡೆ ಸರಿಯಿದ್ದರೆ ತಪ್ಪು ನಾಲ್ಕನೆಯವರದೇ ಎಂದು ತೀರ್ಮಾನ ಮಾಡಿದೆ. ಆದರೂ ಅನುಮಾನಕ್ಕೆಂದು ಸರ್ವರಿನ ಸೆಟ್ಟಿಂಗಿನ ಕಡತ ತೆಗೆದು ಸಾಲು ಸಾಲಾಗಿ ಓದಿದೆ, ಎಲ್ಲ ಬಂದ್ ಮಾಡಿ ಮತ್ತೆ ಚಾಲೂ ಮಾಡಿದೆ. ಹುನಗುಂದದಲ್ಲಿ ಮಾತ್ರ ಅದೇ ಪುಟ. ಮೂರನೆಯ ಸಲ ಫೋನ್ ಬಂದಾಗ, ನೀವು ಪಾಸ್‌ವರ್ಡ್ ಮರೆತಿದ್ದೀರಿ, ಒಪ್ಪಿಕೊಳ್ಳುತ್ತಿಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದೆ. ಇಲ್ಲರೀ ಎಂದರು, ಅಷ್ಟೇ. ಅವರ ಪಾಸ್‌ವರ್ಡ್ ನನಗೆ ಕಾಣುವಂತಿರಲಿಲ್ಲ. ಬದಲಿಸಬೇಕೆಂದರೂ ಮೊದಲು ಅವರೇ ಒಳಗೆ ಹೋಗಬೇಕು, ಸಾಫ್ಟ್‌ವೇರ್ ಮಾಡಿಕೊಟ್ಟವರು ಹಾಗೆ ಮಾಡಿಟ್ಟಿದ್ದರು. ಅಷ್ಟರಲ್ಲಿ ಅಲ್ಲಿಯ ಪ್ರಾಚಾರ್ಯರು ನಮ್ಮ ಮೇಲಿನವರಿಗೆ ಫೋನ್ ಮಾಡಿ, ನಮ್ಮ ಹುಡುಗರ ವರ್ಷ ಹಾಳಾದರೆ ಯಾರು ಹೊಣೆ ಎಂದು ಕೇಳಿದ್ದರು. ನನ್ನನ್ನು ಹನ್ನೆರಡರ ಬಸ್ಸಿಗೆ ಅಟ್ಟಿದರು.

ಕಮತಗಿ ದಾಟಿತು, ಅಮೀನಗಡ ಬಂತು. ಬಸ್ಸು ಪ್ರತಿ ನಿಲ್ದಾಣದಲ್ಲೂ ನಿಂತಾಗ ನಾನು ಕೈಗಡಿಯಾರ ನೋಡಿಕೊಳ್ಳುತ್ತಿದ್ದೆ. ನೂರಕ್ಕೂ ಹೆಚ್ಚು ಹುಡುಗ ಹುಡುಗಿಯರ ಹೆಸರು ತುಂಬಲು ಏನಿಲ್ಲವೆಂದರೂ ಎರಡು ತಾಸು ಬೇಕು. ಮೇಲಿನವರಿಗೆ ಕೊಡಬೇಕಾದ ವರದಿಯನ್ನು ತಲೆಯಲ್ಲೇ ಬರೆಯುತ್ತ ಕೂತಿದ್ದೆ. ಆಪರೇಟರ್ ಅವರ ಅಜಾಗರೂಕತೆಯಿಂದ ಎಂಬಲ್ಲಿಗೆ ಬಂದು, ಆ ಪದ ಚೆನ್ನಾಗಿದೆ ಅನಿಸಿತು. ಅದು ಅವರ ನೌಕರಿಯನ್ನೇ ತಿನ್ನುವ ಪದ ಎಂಬುದು ನನಗೆ ಗೊತ್ತಿತ್ತು.

ಹುನಗುಂದ ಮುಟ್ಟಿದಾಗ ಎರಡಾಗಿತ್ತು. ಆಫೀಸಿನಲ್ಲಿ ಇಂಟರ್ನೆಟ್ ಇದ್ದ ಒಂದೇ ಕಂಪ್ಯೂಟರಿನ ಸುತ್ತ ಪ್ರಾಚಾರ್ಯರು, ಇಬ್ಬರು ಅಧ್ಯಾಪಕರು, ಗಂಟೆ ಹೊಡೆಯುವ ಒಬ್ಬ ಸಿಪಾಯಿ ನಿಂತಿದ್ದರು. ನಡುವೆ ಆಕೆ ಕೂತಿದ್ದರು, ಕಣ್ಣು ಕೆಂಪಾಗಿತ್ತು. ನನ್ನೆದುರು ಮತ್ತೆ ಹೊಡೆದು ತೋರಿಸಿದರು. ಕಪ್ಪು ಚುಕ್ಕಿಗಳು ಮೂಡಿದವು, ಒತ್ತಿದರು, ಖಾಲಿ ಲಾಗಿನ್ ಪುಟ ತಿರುಗಿ ಬಂತು. ನಾನು ಅವರನ್ನು ಎಬ್ಬಿಸಿ ಆ ಕುರ್ಚಿಯಲ್ಲಿ ಕೂತೆ. ಪಾಸ್‌ವರ್ಡ್ ಹೇಳಿ, ನಾನೇ ಹೊಡೆಯುತ್ತೇನೆ ಎಂದೆ.

ಅವರು ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು, ಚೀಟಿಯಲ್ಲಿ ಬರೆದು ಕೊಡುತ್ತೇನೆ ಎಂದರು.

“ಬರಿಯೂದು ಬ್ಯಾಡ್ರಿ. ಬಾಯಿಲೆ ಹೇಳ್ರಿ. ನಿಮಗ ನೆನಪೈತೋ ಇಲ್ಲೋ ನಾ ಕೇಳ್ಬೇಕು.”

“ಅದು ನಮ್ಮ ಮನಿಯವರ ಹೆಸರೈತ್ರಿ,” ಎಂದರು, ನೆಲ ನೋಡುತ್ತ.

ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮದುವೆ, ತೊಟ್ಟಿಲ ಕಾರ್ಯಗಳಲ್ಲಿ ಹೆಂಗಸರೆಲ್ಲ ಸೇರಿ ಕಾಡಿಸಿದರೆ ಒಡಪು ಎಂಬ ಪ್ರಾಸದ ಸಾಲಿನಲ್ಲಿ ಸೇರಿಸಿ ಹೇಳಿಯಾರು, ಅಷ್ಟೇ. ನನ್ನ ಅವ್ವ ರೇಷನ್ ಅಂಗಡಿಯಲ್ಲಿ ಅಪ್ಪನ ಹೆಸರು ಕೇಳಿದರೆ ನನ್ನನ್ನು ಮುಂದೆ ತಳ್ಳುತ್ತಿದ್ದಳು. ಇದೆಲ್ಲ ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಆ ಕ್ಷಣ ನಾನು ಚೀಟಿ ತೆಗೆದುಕೊಂಡಿದ್ದರೆ ಮುಗಿದಿತ್ತು. ಆದರೆ ನನಗೆ ಇದು ನೆವ ಅನಿಸಿತು, ಮರೆತವರು ಹೂಡುವ ಆಟ ಅನಿಸಿತು. ಪ್ರಾಚಾರ್ಯರು ಗೋಡೆ ಗಡಿಯಾರ ನೋಡಿ, ಹೇಳು ತಂಗಿ, ಹೊತ್ತಾಗಾಕ್ಹತ್ತೈತಿ ಎಂದರು. ನಾನೂ ಹೇಳ್ರಿ ಎಂದೆ.

ಆಕೆ ಹೇಳಿದರು. ಐದು ಜನ ಗಂಡಸರ ನಡುವೆ ನಿಂತು, ಮೊದಲು ಪೂರ್ತಿ ಹೆಸರು, ಆಮೇಲೆ ನಾನು ಕೇಳಿದ್ದಕ್ಕೆ ಒಂದೊಂದೇ ಇಂಗ್ಲಿಷ್ ಅಕ್ಷರ. ವಯಸ್ಸಾದ ಸಿಪಾಯಿ ಮುಖ ತಿರುಗಿಸಿ ಕಿಟಕಿಯಾಚೆ ನೋಡಿದ. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ.

ನಾನು ಹೊಡೆದೆ, ಒತ್ತಿದೆ. ಲಾಗಿನ್ ಪುಟ ತಿರುಗಿ ಬಂತು, ಕೆಂಪು ಸಾಲಿಲ್ಲದೆ.

ಪಾಸ್‌ವರ್ಡ್ ಸರಿಯಾಗಿತ್ತು. ಬೆಳಗಿನಿಂದಲೂ ಸರಿಯಾಗಿಯೇ ಇತ್ತು. ಎಷ್ಟು ಹೊತ್ತು ಉಳಿದಿದೆ ನೋಡೋಣವೆಂದು ಪರದೆಯ ಮೂಲೆಯ ಗಡಿಯಾರದ ಮೇಲೆ ಎರಡು ಸಲ ಒತ್ತಿದೆ, ತಾರೀಖಿನ ಪೆಟ್ಟಿಗೆ ತೆರೆಯಿತು. ದಿನ, ತಿಂಗಳು, ವರ್ಷ ಎಲ್ಲ ಸರಿಯಾಗಿತ್ತು. ನಾ ದಿನಾ ಬಂದ ಕೂಡ್ಲೆ ನೋಡಿ ಇಡ್ತೇನ್ರಿ ಎಂದು ಹಿಂದಿನಿಂದ ಆಕೆ ಹೇಳಿದರು. ಆಗ ನನಗೆ ಬೆಳಗಿನ ನನ್ನ ಕೆಲಸ ನೆನಪಾಯಿತು.

ನನ್ನ ಸರ್ವರಿನ ಒಳಗಿನ ಪುಟ್ಟ ಬ್ಯಾಟರಿ ಸತ್ತು ತಿಂಗಳಾಗಿತ್ತು. ಕರೆಂಟು ಹೋಗಿ ಬಂದಾಗಲೆಲ್ಲ ಅದರ ಗಡಿಯಾರ ಹಳೆಯ ಯಾವುದೋ ವರ್ಷಕ್ಕೆ ಹೋಗಿ ನಿಲ್ಲುತ್ತಿತ್ತು. ನಾಳೆ ಹಾಕಿಸಿದರಾಯಿತೆಂದು ನಾನು ಪ್ರತಿ ಸಲ ಕೈಯಿಂದ ಸರಿಪಡಿಸುತ್ತಿದ್ದೆ. ಆ ದಿನ ಬೆಳಿಗ್ಗೆ ಅವಸರದಲ್ಲಿ ಗಂಟೆ, ನಿಮಿಷ ಮಾತ್ರ ತಿದ್ದಿ ವರ್ಷವನ್ನು ಮರೆತಿದ್ದೆ. ಒಳಗೆ ಬಂದವರಿಗೆ ಸರ್ವರ್ ಒಂದು ತಾಸಿನ ಗುರುತಿನ ಚೀಟಿ ಕೊಡುತ್ತದೆ. ಹುನಗುಂದದ ಕಂಪ್ಯೂಟರಿಗೆ ಅದು ವರ್ಷಗಳ ಹಿಂದೆಯೇ ಅವಧಿ ಮುಗಿದ ಬಸ್ ಪಾಸಿನಂತೆ ಕಂಡು, ಅಲ್ಲೇ ಬಿಸಾಡುತ್ತಿತ್ತು. ನನ್ನ ಕಂಪ್ಯೂಟರ್ ಸರ್ವರಿನಿಂದಲೇ ತಾರೀಖು ತೆಗೆದುಕೊಳ್ಳುತ್ತಿತ್ತು. ಬಾದಾಮಿ, ಇಳಕಲ್ಲಿನವು ಯಾರೂ ತಿದ್ದದೆ ಅದಕ್ಕಿಂತಲೂ ಹಿಂದಿನ ವರ್ಷಗಳಲ್ಲಿದ್ದವು, ಹಾಗಾಗಿ ಅಲ್ಲಿ ಆ ಚೀಟಿ ನಡೆಯುತ್ತಿತ್ತು. ನಾಲ್ಕು ಊರುಗಳಲ್ಲಿ ತಾರೀಖು ಸರಿಯಿಟ್ಟುಕೊಂಡವರು ಈಕೆ ಒಬ್ಬರೇ, ಹೊರಗುಳಿದವರೂ ಈಕೆ ಒಬ್ಬರೇ.

ವಿದ್ಯಾಗಿರಿಗೆ ಫೋನ್ ಮಾಡಿ ಸರ್ವರಿನ ತಾರೀಖು ತಿದ್ದಿಸಬಹುದಿತ್ತು. ಹಾಗೆ ಮಾಡಿದರೆ ತಪ್ಪು ಎಲ್ಲಿತ್ತೆಂದು ಎಲ್ಲರೆದುರು ಬಯಲಾಗುತ್ತಿತ್ತು. ನಾನು ಬಾಯಿಗೆ ಬೀಗ ಹಾಕಿಕೊಂಡು, ಹುನಗುಂದದ ಸರಿಯಾದ ವರ್ಷವನ್ನೇ ಹಿಂದಕ್ಕೆ ತಳ್ಳಿದೆ. ಮತ್ತೆ ಅದೇ ಹೆಸರು ಹೊಡೆದೆ. ಪಟ್ಟಿ ತೆರೆಯಿತು.

ಏನಾಗಿತ್ತೆಂದು ಪ್ರಾಚಾರ್ಯರು ಕೇಳಿದರು. ಈ ಕಂಪ್ಯೂಟರಿನ ತಾರೀಖಿನ ತೊಂದರೆ ಇತ್ತು ಸರ್ ಎಂದೆ. ಅವರು ಆಕೆಯ ಕಡೆ ತಿರುಗಿದರು.

“ಇಷ್ಟು ನೋಡ್ಕೊಳ್ಳಾಕ ಆಗಲಿಲ್ಲೇನು ತಂಗಿ? ಮುಂದಿನ ವರ್ಷ ನಿನ್ನ ಇಟ್ಕೋರಿ ಅಂತ ನಾ ಯಾವ ಬಾಯಿಲೆ ಬರೀಲಿ?”

ಆಕೆ ನನ್ನನ್ನೊಮ್ಮೆ ನೋಡಿದರು. ಕುರ್ಚಿ ಎಳೆದುಕೊಂಡು ಕೂತು ಹೆಸರು ತುಂಬತೊಡಗಿದರು. ಎರಡು ತಾಸು ನೀರು ಸಹ ಕುಡಿಯಲಿಲ್ಲ. ಲೈನು ಒಮ್ಮೆ ಕಡಿದಾಗ ನಾನು ಎದ್ದು ನಿಂತುಬಿಟ್ಟೆ, ಅವರು ಮಾತ್ರ ಕೈಯಲ್ಲಿ ರಿಜಿಸ್ಟರ್ ಹಿಡಿದು, ಮತ್ತೆ ಹತ್ತುವವರೆಗೆ ಕಾದರು. ಐದಕ್ಕೆ ಹತ್ತು ನಿಮಿಷ ಇರುವಾಗ ಕೊನೆಯ ಹೆಸರು ಮುಗಿಯಿತು. ಪ್ರಾಚಾರ್ಯರೂ ಉಳಿದವರೂ ಹಗುರಾಗಿ ಪಕ್ಕದ ಕೋಣೆಗೆ ಚಹಾಕ್ಕೆ ಹೋದರು. ನನ್ನನ್ನೂ ಕರೆದರು.

ನಾನು ಏಳುವಷ್ಟರಲ್ಲಿ ಆಕೆ ತಾರೀಖಿನ ಪೆಟ್ಟಿಗೆ ತೆರೆದು ವರ್ಷವನ್ನು ಮತ್ತೆ ಸರಿಮಾಡಿದರು. ಅವರಿಗೆ ಎಲ್ಲ ತಿಳಿದಿತ್ತು. ಕ್ಷಮಿಸಿ ಎನ್ನಲು ಬಾಯಿ ತೆರೆದೆ, ಅವರು ಬಿಡಲಿಲ್ಲ.

“ನನ್ನ ಮುಂದ ಬ್ಯಾಡ್ರಿ ಸರ್. ನಾ ಎಲ್ಲಾರ ಮುಂದ ಹೇಳೇನಿ. ನೀವೂ ಎಲ್ಲಾರ ಮುಂದ ಹೇಳ್ರಿ.”

ಪಕ್ಕದ ಕೋಣೆ ಹತ್ತು ಹೆಜ್ಜೆ ದೂರ. ಹೋಗಿ ಬಾಗಿಲಲ್ಲಿ ನಿಂತೆ. ಸಿಪಾಯಿ ನನಗೆ ಚಹಾ ಚಾಚಿದ, ಬೇಡವೆಂದೆ. ತಪ್ಪು ನನ್ನ ಸರ್ವರಿನದು, ತಾರೀಖು ತಪ್ಪಿಟ್ಟವನು ನಾನು, ಆಕೆ ಬೆಳಗಿನಿಂದ ಹೇಳಿದ್ದೆಲ್ಲ ನಿಜ, ಪಾಸ್‌ವರ್ಡ್ ಕೇಳುವ ಅಗತ್ಯವೇ ಇರಲಿಲ್ಲ ಎಂದೆ. ಪ್ರಾಚಾರ್ಯರು ಕಪ್ಪು ಕೆಳಗಿಟ್ಟು, ಆಕೆಯನ್ನು ಕರೆಯಲು ಸಿಪಾಯಿಯನ್ನು ಕಳಿಸಿದರು.

ಅವನು ಒಬ್ಬನೇ ತಿರುಗಿ ಬಂದ. ಆಕೆ ಕಂಪ್ಯೂಟರ್ ಬಂದ್ ಮಾಡಿ ಇಳಕಲ್ಲಿನ ಬಸ್ಸಿಗೆ ಹೋಗಿಬಿಟ್ಟಿದ್ದರು. ನಾನು ಹೇಳಿದೆನೋ ಇಲ್ಲವೋ ಎಂದು ಕೇಳಲು ನಿಂತಿರಲಿಲ್ಲ.