ಬೆಣಚುಕಲ್ಲು ಉಜ್ಜುವ ನಿಯಾಜ್

ಬಡವನಹಳ್ಳಿಯಲ್ಲಿ ಕೆಟ್ಟ ಮೋಟಾರು ಯಾವುದೇ ಇರಲಿ, ನನ್ನ ಅಂಗಡಿಗೇ ಬರಬೇಕು. ಪಂಪ್‌ಸೆಟ್ಟು, ಮಿಕ್ಸಿ, ಫ್ಯಾನು, ಗ್ರೈಂಡರು ಎಲ್ಲವೂ ನನ್ನ ಮುಂದೆ ಹೊಟ್ಟೆ ಬಿಚ್ಚಿಕೊಂಡು ಕೂರುತ್ತವೆ. ಯಂತ್ರದ ಮೇಲೆ ನನಗೆ ಯಾವತ್ತೂ ಸಿಟ್ಟು ಬಂದಿಲ್ಲ. ಬರುವುದು ಅದನ್ನು ಹೊತ್ತು ತರುವವರ ಮೇಲೆ. ಕೈಯಾರೆ ಸುಟ್ಟುಕೊಂಡು ಬಂದು ‘ತಾನಾಗೇ ನಿಂತೋಯ್ತು ರೇಣುಕಯ್ಯ’ ಎನ್ನುತ್ತಾರೆ.

ನಿಯಾಜ್ ಅಹಮದ್ ಆ ಜಾತಿಯವನಲ್ಲ. ಸಿರಾದವನು, ನನಗಿಂತ ಚಿಕ್ಕವನು. ನಮ್ಮ ಊರಾಚೆ ಇರುವ ಪರ್ವತಯ್ಯನವರ ಕಲ್ಲಿನ ಶೆಡ್ಡಿಗೆ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಾನೆ. ಅಲ್ಲಿಗೆ ಪಾವಗಡದ ಕಡೆಯ ಹೊಲಗಳಿಂದ ಟ್ರಾಕ್ಟರಿನಲ್ಲಿ ಬೆಣಚುಕಲ್ಲು ಬಂದು ಬೀಳುತ್ತದೆ. ನೇಗಿಲಿಗೆ ಶನಿಯಾದ ಕಲ್ಲು ಇಲ್ಲಿ ಸರಕು. ಅದನ್ನು ನೀರು ಮತ್ತು ಉಜ್ಜುವ ಪುಡಿಯ ಜೊತೆ ದೊಡ್ಡ ಡ್ರಮ್ಮಿಗೆ ಹಾಕಿ ದಿನಗಟ್ಟಲೆ ತಿರುಗಿಸಿದರೆ ನುಣುಪಾಗುತ್ತದೆ, ಆಮೇಲೆ ಪಾಲಿಶು. ಆದರೆ ಒಡೆದ ಕಲ್ಲನ್ನು ಹಾಗೇ ಡ್ರಮ್ಮಿಗೆ ಹಾಕುವಂತಿಲ್ಲ. ಚೂಪು ಮೂಲೆ, ಗುಳಿ, ಬಿರುಕು ಎಲ್ಲವನ್ನೂ ಮೊದಲು ಕೈಯಲ್ಲಿ ಹಿಡಿದು ಉಜ್ಜುವ ಕರೆಂಟಿನ ಗ್ರೈಂಡರಿನಲ್ಲಿ ತೆಗೆಯಬೇಕು. ಬಿರುಕಿನ ಕಲ್ಲೊಂದು ಒಳಗೆ ಹೋಗಿ ಒಡೆದರೆ ಜೊತೆಯವನ್ನೆಲ್ಲ ಗೀಚಿ ಹಾಳು ಮಾಡುತ್ತದೆ. ಆ ಗ್ರೈಂಡರ್ ಹಿಡಿದವನು ನಿಯಾಜ್. ಬೆಳಗಿನಿಂದ ಸಂಜೆಯವರೆಗೆ ಕುಕ್ಕರಗಾಲಲ್ಲಿ ಕೂತು, ರಬ್ಬರ್ ತುಂಡಿನ ಮೇಲೆ ಕಲ್ಲನ್ನು ಒತ್ತಿ ಹಿಡಿದು ಉಜ್ಜುತ್ತಾನೆ. ಸಂಜೆ ಬಸ್ಸಿಗೆ ಬರುವಾಗ ಹುಬ್ಬು, ರೆಪ್ಪೆ, ಗಡ್ಡ ಎಲ್ಲ ಬೆಳ್ಳಗೆ. ಈ ಕಲ್ಲುಗಳನ್ನು ಕೊಂಡು ಮನೆಮುಂದಿನ ಕೈತೋಟಕ್ಕೆ ಅಂದಕ್ಕೆಂದು ಹಾಸಿಕೊಳ್ಳುವ ಪೇಟೆಯವರಿಗೆ ಇದು ಯಾವುದೂ ಗೊತ್ತಿಲ್ಲ. ದೂರದ ಬೆಟ್ಟ ನುಣ್ಣಗೆ.

ಕಳೆದ ವರ್ಷ ಚಳಿ ಶುರುವಾದಾಗ ಅವನು ಗ್ರೈಂಡರನ್ನು ಚೀಲದಲ್ಲಿ ಹಾಕಿಕೊಂಡು ಬಂದ.

“ಅಣ್ಣ, ಇದು ಅದುರ್ತದೆ. ಕಲ್ಲಿನ ಮೇಲೆ ನಿಲ್ಲಲ್ಲ.”

ಬೇರಿಂಗು ಸ್ವಲ್ಪ ಸವೆದಿತ್ತು, ಬದಲಾಯಿಸಿ ಕೊಟ್ಟೆ. ಸ್ವಲ್ಪ ದಿನಕ್ಕೆ ಮತ್ತೆ ಅದೇ ಚೀಲ, ಅದೇ ಮಾತು. ನನಗೆ ರೇಗಿತು.

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹೊಸಾ ಬೇರಿಂಗ್ ಹಾಕಿವ್ನಿ, ಅದೆಂಗೆ ಅದುರ್ತದೆ ಕಣಪ್ಪ?” ಎಂದೆ.

“ಇನ್ನೊಂದ್ಸಲ ಬಿಚ್ಚಿ ನೋಡ್ಬುಡು ಅಣ್ಣ.”

ಬಿಚ್ಚಿದೆ. ಒಳಗೆ ಏನೂ ಕೆಟ್ಟಿರಲಿಲ್ಲ. ಮೂರನೆಯ ಸಲ ಅವನು ಬಂದಾಗ ನಾನು ಬಿಚ್ಚುವ ಗೋಜಿಗೇ ಹೋಗದೆ, ಅವನೆದುರೇ ಸ್ವಿಚ್ ಒತ್ತಿ ಕೈಯಲ್ಲಿ ಹಿಡಿದು ತೋರಿಸಿದೆ. ಗ್ರೈಂಡರು ಒಂದೇ ಸಮನೆ ಗುಂಯ್‌ಗುಡುತ್ತ ಓಡಿತು. “ಹಿಡಿ, ನೀನೇ ನೋಡು” ಎಂದು ಅವನಿಗೆ ಕೊಟ್ಟೆ. ಅವನ ಕೈಗೆ ಹೋದದ್ದೇ ತಡ, ಬ್ಲೇಡಿನ ತುದಿ ಅತ್ತಿತ್ತ ಆಡತೊಡಗಿತು. ಹೋಗಿ ಪ್ಲಗ್ ಕಿತ್ತೆ. ಬ್ಲೇಡು ತಿರುಗಿ ತಿರುಗಿ ನಿಂತಿತು. ಅವನ ಕೈ ನಿಲ್ಲಲಿಲ್ಲ.

ಇಬ್ಬರೂ ಆ ಕೈಯನ್ನೇ ನೋಡುತ್ತ ನಿಂತೆವು. ನಾನು ಹೇಳಿದ ಗಾದೆ ನೆನಪಾಗಿ ನನ್ನ ನಾಲಿಗೆಯನ್ನೇ ಕಿತ್ತು ಬಿಸಾಡಬೇಕೆನಿಸಿತು.

ಟೀ ತರಿಸಿದೆ. ಲೋಟವನ್ನು ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು ಒಂದೊಂದಾಗಿ ಹೇಳಿದ. ಬೆಳಗಿನ ಚಳಿಗೆ ಬೆರಳುಗಳು ಬಿಳಿಚಿ ಮರಗಟ್ಟುತ್ತವೆ, ಚುಚ್ಚಿದರೂ ಗೊತ್ತಾಗುವುದಿಲ್ಲ. ಅಂಗಿಯ ಗುಂಡಿ ಹಾಕುವುದು ಹೆಂಡತಿ ಅಮೀರ್ ಬಿ. ಆಸ್ಪತ್ರೆಗೆ ಕರೆದುಕೊಂಡು ಹೋದವಳೂ ಅವಳೇ. ವರ್ಷಾನುಗಟ್ಟಲೆ ಗ್ರೈಂಡರಿನ ಅದುರು ತಿಂದು ನರಗಳು ಸೋತಿವೆ, ಈಗಲೇ ಬಿಟ್ಟರೆ ಉಳಿದದ್ದು ಉಳಿಯುತ್ತದೆ, ಬಿಡದಿದ್ದರೆ ಅದೂ ಇಲ್ಲ ಎಂದು ಡಾಕ್ಟರು ಹೇಳಿದ್ದರು.

“ಅಷ್ಟು ಗೊತ್ತಿದ್ದೂ ಯಾಕಲಾ ಇದನ್ನ ಹೊತ್ಕೊಂಡು ಬರ್ತಿದ್ದೆ?”

“ಮಷೀನ್ದೇ ತಪ್ಪು ಅಂತ ಒಂದ್ಸಲ ನಿನ್ ಬಾಯಲ್ಲಿ ಕೇಳ್ಬೇಕಿತ್ತು ಅಣ್ಣ.”

ಶೆಡ್ಡಿನಲ್ಲಿ ಡ್ರಮ್ಮು ನೋಡಿಕೊಳ್ಳುತ್ತಿದ್ದ ಕದರಪ್ಪ ಕೆಲಸ ಬಿಟ್ಟು ಊರಿಗೆ ಹೋಗಿದ್ದ. ಆ ಜಾಗ ಖಾಲಿಯಿತ್ತು. ನೀರು ತುಂಬು, ಪುಡಿ ಹಾಕು, ತೊಳೆ, ಆರಿಸು. ಕೈಗೆ ಅದುರಿಲ್ಲದ ಕೆಲಸ. ನಿಯಾಜ್‌ಗೆ ಅದೊಂದು ಸಿಕ್ಕಿದರೆ ಸಾಕಾಗಿತ್ತು. ಆದರೆ ಕೈ ಹೋಗಿದೆ ಎಂದರೆ ಇರುವ ಕೆಲಸವೂ ಹೋದೀತೆಂಬ ಹೆದರಿಕೆ. ಪರ್ವತಯ್ಯನವರ ಮುಂದೆ ನಿಂತರೆ ಬಾಯಿ ಕಟ್ಟುತ್ತದೆ ಎಂದ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರೆ. ಇವನಿಗೆ ಅದೇ ಇರಲಿಲ್ಲ. ನನಗೆ ಇರುವುದೇ ಬಾಯಿ. ಮಾರನೆಯ ದಿನ ಸಂಜೆ, ಅವನು ಕೆಲಸ ಬಿಡುವ ಹೊತ್ತಿಗೆ, ಅಂಗಡಿ ಮುಚ್ಚಿ ಶೆಡ್ಡಿಗೆ ಹೊರಟೆ.

ಶೆಡ್ಡಿನಲ್ಲಿ ನೆಲವೆಲ್ಲ ಬಿಳಿ ಕೆಸರು. ಡ್ರಮ್ಮುಗಳ ಗಡಗಡ ಸದ್ದಿಗೆ ಮಾತು ಕೇಳುತ್ತಿರಲಿಲ್ಲ. ನಾವು ಬಾಯಿ ತೆರೆಯುವ ಮೊದಲೇ ಪರ್ವತಯ್ಯನವರು ಕುರ್ಚಿಯಿಂದ ಎದ್ದು ಬಂದು ನಿಯಾಜ್‌ನ ಹೆಗಲ ಮೇಲೆ ಕೈ ಹಾಕಿದರು.

“ರೇಣುಕಯ್ಯ, ಒಳ್ಳೇ ಟೈಮಿಗೆ ಬಂದೆ. ನೋಡು ಇವನ ಕೆಲಸ” ಎಂದು ಮೇಜಿನ ಮೇಲಿಂದ ಎರಡು ಕಲ್ಲು ತೆಗೆದು ನನ್ನ ಅಂಗೈಗೆ ಹಾಕಿದರು. ಒಂದು ಹಳೆಯದು, ಸೋಪಿನ ಬಿಲ್ಲೆಯಷ್ಟು ಒಪ್ಪ. ಇನ್ನೊಂದು ಈಚಿನದು. ಒಂದು ಮಗ್ಗುಲು ಕೊಂಚ ತಗ್ಗು, ಇನ್ನೊಂದು ಮಗ್ಗುಲು ಕೊಂಚ ಉಬ್ಬು, ಕಾಲಾಂತರದಿಂದ ನೀರಿನಲ್ಲಿ ಉರುಳಿ ಬಂದಂತೆ. ಬೆಂಗಳೂರಿನ ಗಿರಾಕಿಯೊಬ್ಬ ನಿಮ್ಮ ಕಲ್ಲು ತೀರಾ ಒಂದೇ ಅಚ್ಚು, ನಮಗೆ ಹೊಳೆಯ ಕಲ್ಲಿನಂಥದ್ದು ಬೇಕು ಎಂದು ಲೋಡುಗಳನ್ನು ವಾಪಸು ಕಳಿಸುತ್ತಿದ್ದನಂತೆ. ನಿಯಾಜ್‌ಗೆ ಎಷ್ಟು ಹೇಳಿದರೂ ಓರೆಕೋರೆ ಮಾಡಲು ಬರುತ್ತಿರಲಿಲ್ಲವಂತೆ; ಕೈ ತಾನಾಗಿ ಗುಂಡಗೆ ಉಜ್ಜಿಬಿಡುತ್ತಿತ್ತು.

“ಈ ಸಲ ಆ ಗಿರಾಕಿ ಫೋನ್ ಮಾಡಿ ಏನಂದ ಗೊತ್ತಾ? ಒಂದರಂಗೆ ಒಂದಿಲ್ಲ, ಈ ಕಲ್ಲು ಮಾಡಿದ ಕೈಗೆ ಚಿನ್ನದ ಕಡಗ ತೊಡಿಸ್ಬೇಕು ಅಂದ. ವರ್ಷಪೂರ್ತಿ ಆರ್ಡರು ಕೊಟ್ಟವ್ನೆ. ಗ್ರೈಂಡರ್‌ನ ಇನ್ನು ಇವನು ಬಿಟ್ಟು ಯಾರೂ ಮುಟ್ಟಂಗಿಲ್ಲ.”

ಆ ತಗ್ಗನ್ನು ಬೆರಳಿನಿಂದ ಮುಟ್ಟಿದೆ. ಕೈ ಎಲ್ಲಿ ಎಗರಿತ್ತೋ ಅಲ್ಲಿ ತಗ್ಗು. ಸಿಟ್ಟು ನೆತ್ತಿಗೇರಿತು.

“ಕಡಗ ಆಮೇಲೆ ತೊಡಿಸೋರಂತೆ, ಮೊದ್ಲು ಆ ಕೈ ನೋಡಿ ಪರ್ವತಯ್ಯನೋರೆ” ಎಂದು ನಿಯಾಜ್‌ನ ಕೈ ಹಿಡಿದೆಳೆದು ಅವರ ಮುಂದಿಟ್ಟೆ. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ.

ಅವರು ಕೆಟ್ಟವರಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದರು, ಮುಖ ಸಣ್ಣಗಾಯಿತು. “ನಂಗೊಂದು ಮಾತು ಹೇಳ್ಬಾರ್ದಾ ನಿಯಾಜ್” ಎಂದರು. “ನಾಳೆಯಿಂದ ಡ್ರಮ್ ನೋಡ್ಕೋ. ಆರ್ಡರ್ ಹೋದ್ರೆ ಹೋಗ್ಲಿ” ಎಂದರು. ಹಾಗೆನ್ನುವಾಗಲೂ ಅವರ ಕಣ್ಣು ಮಾತ್ರ ಕಲ್ಲಿನ ಮೇಲಿತ್ತು.

ಬಂದ ಕೆಲಸ ಆಯಿತೆಂದು ನಾನು ಹೊರಟೆ. ನಿಯಾಜ್ ಕದಲಲಿಲ್ಲ.

“ಸಾಹುಕಾರ್ರೆ, ಅವರು ಫೋನಲ್ಲಿ ಏನಂದ್ರು, ಇನ್ನೊಂದ್ಸಲ ಹೇಳಿ” ಎಂದ.

ಪರ್ವತಯ್ಯನವರು ಹೇಳಿದರು, ಈ ಸಲ ಮೆಲ್ಲಗೆ. ನಿಯಾಜ್ ತಲೆ ತಗ್ಗಿಸಿ ಪೂರ್ತಿ ಕೇಳಿಸಿಕೊಂಡ.

“ಈ ಆರ್ಡರ್ ಒಂದು ನಾನೇ ಮುಗಿಸ್ತೀನಿ. ಆಮೇಲೆ ಡ್ರಮ್ಮು” ಎಂದ.

ಬಸ್ ನಿಲ್ಲುವ ಜಾಗದವರೆಗೂ ಅವನನ್ನು ಬೈದುಕೊಂಡೇ ಬಂದೆ. “ಲೇ, ನಿನಗೋಸ್ಕರ ಅಂಗಡಿ ಮುಚ್ಕೊಂಡು ಬಂದ್ನಲ್ಲಾ, ನನ್ನ ಬುದ್ಧಿಗೆ ಹೊಡ್ಕೋಬೇಕು. ಆರ್ಡರು ವರ್ಷಪೂರ್ತಿದು ಕಣ್ಲಾ. ಅಷ್ಟೊತ್ತಿಗೆ ಕೈ ಇರ್ತದಾ?”

“ಇಷ್ಟು ವರ್ಷ ನೆಟ್ಟಗೆ ಮಾಡ್ದೆ ಅಣ್ಣ. ಒಬ್ರೂ ಚೆನ್ನಾಗೈತೆ ಅನ್ನಲಿಲ್ಲ. ಈಗ ಅಂದವ್ರೆ” ಎಂದ.

“ಕೈ ಹಾಳಾಗಿದ್ದಕ್ಕೆ ಅಂದವ್ರೆ ಕಣೋ.”

“ಗೊತ್ತು. ಆದ್ರೂ ಅಂದವ್ರೆ.”

ಅಮೀರ್ ಬಿಗೆ ಏನು ಹೇಳುತ್ತೀಯ ಎಂದು ಕೇಳಿದ್ದಕ್ಕೆ, “ಕಡಗದ ಮಾತು ಹೇಳ್ತೀನಿ. ಮಿಕ್ಕಿದ್ದು ಬೇಡ, ಅವಳಿಗೆ ಯಾಕೆ ತಕ್ಲೀಫು” ಎಂದ.

ಬಸ್ಸು ಬಂತು. ನಿಯಾಜ್ ಬಾಗಿಲ ಕಂಬಿಗೆ ಕೈ ಹಾಕಿದ, ಬೆರಳು ಮಡಚಲಿಲ್ಲ. ಮೆಟ್ಟಿಲ ಮೇಲಿಟ್ಟ ಕಾಲು ಜಾರಿತು. ನಾನು ಹಿಂದಿನಿಂದ ಬೆನ್ನಿಗೆ ಕೈ ಕೊಟ್ಟು ನೂಕಿದೆ, ಕಂಡಕ್ಟರು ಬೈಯುತ್ತ ಮಣಿಕಟ್ಟು ಹಿಡಿದು ಒಳಗೆಳೆದುಕೊಂಡ. ಕಿಟಕಿಯ ಪಕ್ಕದಲ್ಲೇ ಜಾಗ ಸಿಕ್ಕಿತು. ಬಲಗೈಯನ್ನು ತೊಡೆಯ ಮೇಲಿಟ್ಟು, ಎಡಗೈಯಿಂದ ಅದನ್ನು ಸವರುತ್ತ ಕೂತ. ಅವನ ಮುಖದಲ್ಲಿ ನಗುವಿತ್ತು.