ಹದಿನೇಳು ಗಂಟೆಯ ದಾರಿ

ವಿಮಾನದ ಟಿಕೆಟ್ ಮಾಡಿಕೊಡುವ ಆ ಪುಟ್ಟ ಆಫೀಸಿನಲ್ಲಿ ಅವಳನ್ನು ಎಲ್ಲರೂ ಗಡಿಯಾರದಮ್ಮ ಎನ್ನುತ್ತಿದ್ದರು. ಎಲ್ಲಿಂದ ಎಲ್ಲಿಗೆ ಎಂದು ಹೇಳಿದರೆ ಸಾಕು, ಎಷ್ಟು ಕಿಲೋಮೀಟರ್, ಹಾರಾಟ ಎಷ್ಟು ಹೊತ್ತು, ನಡುವೆ ಎಲ್ಲಿ ಇಳಿದು ಕಾಯಬೇಕು ಎಲ್ಲವೂ ಅವಳ ನಾಲಿಗೆಯ ತುದಿಯಲ್ಲಿತ್ತು. "ಇವರಿರೋವಾಗ ಕರೆಂಟ್ ಹೋದ್ರೂ ಚಿಂತೆಯಿಲ್ಲ ಬಿಡಿ," ಎಂದು ಮ್ಯಾನೇಜರು ಗಿರಾಕಿಗಳ ಮುಂದೆ ನಗುತ್ತಿದ್ದರು. ಇಪ್ಪತ್ತೆರಡು ವರ್ಷ ಊರಿಗೆಲ್ಲ ಟಿಕೆಟ್ ಮಾಡಿಕೊಟ್ಟವಳು ತಾನು ಒಮ್ಮೆಯೂ ವಿಮಾನ ಹತ್ತಿರಲಿಲ್ಲ.

ತನ್ನವರು ಎನ್ನಲು ಅವಳಿಗಿದ್ದವಳು ಒಬ್ಬಳೇ ತಂಗಿ. ಒಂಬತ್ತು ವರ್ಷದ ಹಿಂದೆ ದೂರದೇಶದ ವೃದ್ಧಾಶ್ರಮಕ್ಕೆ ಕೆಲಸಕ್ಕೆ ಹೋದವಳು ಅಲ್ಲಿದ್ದ ಕನ್ನಡದವನೇ ಒಬ್ಬ ಬಸ್ ಡ್ರೈವರನ್ನು ಮದುವೆಯಾಗಿ ಅಲ್ಲೇ ನಿಂತುಬಿಟ್ಟಿದ್ದಳು. ಭಾನುವಾರಕ್ಕೊಮ್ಮೆ ಫೋನು. ಒಂದು ಭಾನುವಾರ ತಂಗಿಯ ದನಿ ತೀರಾ ಸಣ್ಣಗಿತ್ತು.

"ಅಕ್ಕಾ, ಲಿವರ್ ಪೂರ್ತಿ ಹೋಗಿದೆಯಂತೆ. ನೀನು ಬರೋಕೆ ಎಷ್ಟೊತ್ತಾಗುತ್ತೆ?"

ಗಿರಾಕಿಗೆ ಹೇಳುವ ಹಾಗೆಯೇ ಬಾಯಿಗೆ ಬಂತು. "ಎಂಟು ಸಾವಿರದ ಇನ್ನೂರು ಕಿಲೋಮೀಟರ್. ಹಾರೋದು ಹನ್ನೊಂದು ಗಂಟೆ. ಕಾಯೋದೆಲ್ಲ ಸೇರಿ ಹದಿನೇಳು."

"ಅಷ್ಟೇನಾ? ಹಾಗಾದ್ರೆ ಬಂದ್ಬಿಡೇ."

ಮಾರನೆಯ ದಿನವೇ ವೀಸಾಕ್ಕೆ ಅರ್ಜಿ ಹಾಕಿದಳು. ಫೋಟೋದ ಹಿನ್ನೆಲೆ ಬೆಳ್ಳಗಿಲ್ಲವೆಂದು ಅದು ವಾಪಸ್ಸು ಬಂತು. ಎರಡನೆಯ ಸಲ ಆಸ್ಪತ್ರೆಯ ಪತ್ರದಲ್ಲಿ ಸಹಿ ಇರಲಿಲ್ಲ. ಕೌಂಟರಿನ ಹೆಂಗಸಿನ ಮುಂದೆ ಅಂಗಲಾಚಿದಳು.

"ನಾನೇನು ಮಾಡ್ಲಿ ಹೇಳಿ? ಕಾಗದ ಒಳಗೆ ಹೋಗಿದೆ. ಕಾಯ್ಬೇಕು ಅಷ್ಟೇ."

ಇದೇ ಮಾತನ್ನು ತಾನು ಎಷ್ಟು ಜನರಿಗೆ ಹೇಳಿ ಕಳಿಸಿದ್ದೇನೋ ಎಂದುಕೊಳ್ಳುತ್ತ ಅವಳು ರಸೀದಿ ಮಡಿಸಿಕೊಂಡು ಹೊರಬಂದಳು.

ವೀಸಾ ಕೈಗೆ ಬಂದದ್ದು ಹತ್ತೊಂಬತ್ತನೆಯ ದಿನ. ವಿಮಾನದಲ್ಲಿ ಬೆಲ್ಟ್ ಹಾಕಿಕೊಳ್ಳಲು ಬರದೆ ತಡಕಾಡುತ್ತಿದ್ದಾಗ ಪಕ್ಕದಲ್ಲಿದ್ದ ಮುದುಕರು ಹಾಕಿಕೊಟ್ಟರು. "ಮೊದಲ ಸಲಾನಾ ಅಮ್ಮಾ?" ಅವಳು ನಾಚಿಕೊಂಡು ಹೂಂಗುಟ್ಟಿದಳು. ನಡುವೆ ಇಳಿದ ಕಡೆ ದಟ್ಟ ಮಂಜು ಕವಿದಿತ್ತು. ಮುಂದಿನ ವಿಮಾನ ಒಂಬತ್ತು ಗಂಟೆ ತಡ. ಸ್ಟೀಲಿನ ಕುರ್ಚಿಯ ಮೇಲೆ ಚೀಲ ಅವುಚಿಕೊಂಡು, ಬೋರ್ಡಿನ ಮೇಲೆ ಸಮಯ ಬದಲಾಗುವುದನ್ನೇ ನೋಡುತ್ತ ಕೂತಳು.

ತಂಗಿಯ ಗಂಡ ವಿಮಾನ ನಿಲ್ದಾಣದಿಂದ ನೇರ ಆಸ್ಪತ್ರೆಗೇ ಕರೆದುಕೊಂಡು ಹೋದ. ಹಾಸಿಗೆಯ ಮೇಲೆ ಅರಿಸಿನದಂತೆ ಹಳದಿಗಟ್ಟಿದ ಮುಖ, ಕಡ್ಡಿಯಂಥ ಕೈ, ಉಬ್ಬಿದ ಹೊಟ್ಟೆ.

"ಸಿಸ್ಟರ್, ಬಾಗಿಲು ಹಾಕ್ಬೇಡಿ," ಎಂದಳು ತಂಗಿ. "ನಮ್ಮಕ್ಕ ಬರ್ತಿದಾಳೆ."

"ನಾನೇ ಕಣೇ. ನಿಮ್ಮಕ್ಕಾನೇ."

ತಂಗಿ ಪರಿಚಯವಿಲ್ಲದವರನ್ನು ನೋಡುವಂತೆ ಮರ್ಯಾದೆಯಿಂದ ನಕ್ಕಳು. "ಆಯ್ತು ಸಿಸ್ಟರ್. ಅವಳು ಬಂದ ಮೇಲೆ ಊಟ ಮಾಡ್ತೀನಿ."

ಗಂಡ ನೆಲ ನೋಡುತ್ತ ಹೇಳಿದ, "ಲಿವರಿನ ವಿಷ ತಲೆಗೇರಿದೆಯಂತೆ. ನಿನ್ನೆ ಮಧ್ಯಾಹ್ನದವರೆಗೂ ಎಲ್ಲರ ಗುರುತೂ ಸಿಗ್ತಿತ್ತು, ಅಕ್ಕಾ."

ನಿನ್ನೆ ಮಧ್ಯಾಹ್ನ ಅವಳು ಸ್ಟೀಲಿನ ಕುರ್ಚಿಯ ಮೇಲಿದ್ದಳು.

ಎರಡು ದಿನ ಪಕ್ಕದಲ್ಲೇ ಕೂತು, ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಸೈಕಲ್ಲಿನಿಂದ ಬಿದ್ದದ್ದನ್ನು, ಬೈಸಿಕೊಂಡದ್ದನ್ನು ಹೇಳಿದಳು. ತಂಗಿ ಕೇಳಿಸಿಕೊಳ್ಳುತ್ತಿದ್ದಳು, ಬೇರೆ ಯಾರದೋ ಕತೆಯೆಂಬಂತೆ. ಮೂರನೆಯ ದಿನ ಬೆಳಿಗ್ಗೆ ಉಸಿರು ನಿಂತಿತು.

ಅವಳು ಊರಿಗೆ ಹೊರಡುವ ಮುನ್ನ ತಂಗಿಯ ಗಂಡ ಮನೆಯಲ್ಲಿ ಹೆಂಡತಿಯ ಬೀರು ತೆರೆದು, "ನೀವೇ ತಗೊಂಡು ಹೋಗಿ ಅಕ್ಕಾ, ನನ್ನ ಕೈಲಿ ನೋಡೋಕಾಗಲ್ಲ," ಎಂದ. ಒಳಗೆ ಇದ್ದದ್ದೆಲ್ಲ ದಪ್ಪನೆಯ ಉಣ್ಣೆ ಕೋಟುಗಳು. ಅವಳ ಊರಿನಲ್ಲಿ ಅಂಥ ಚಳಿ ಬೀಳುತ್ತಲೇ ಇರಲಿಲ್ಲ. ಆದರೂ ಒಂದೊಂದನ್ನೇ ಗುಂಡಿ ಹಾಕಿ ಮಡಿಸಿ ಚೀಲಕ್ಕೆ ತುಂಬಿದಳು.